ಓದಿದ ಹೈಸ್ಕೂಲಿಗೆ ಮೂವತ್ತು ವರ್ಷಗಳ ನಂತರ ಹೋಗಬೇಕೇ? ಹೋದರೆ ಯಾವ ದಿನ?

ಬ್ಯಾಚಿನವರು ಗುರುವಂದನಾ ಕಾರ್ಯಕ್ರಮಕ್ಕೆ ಕರೆಯುತ್ತಿದ್ದಾರೆ, ಮೂವತ್ತು ವರ್ಷಗಳಿಂದ ಆ ಕಡೆ ತಲೆ ಹಾಕಿಲ್ಲ, ಹೋದರೆ ಇರುವ ನೆನಪೂ ಕೆಟ್ಟೀತೇ ಎಂದು ಕೇಳಿದ್ದೀರಿ. ಹೋಗಿ. ಆದರೆ ಶಾಮಿಯಾನ ಹಾಕಿದ ದಿನವೊಂದೇ ಹೋಗಿ ಬಂದು ಸುಮ್ಮನಾಗಬೇಡಿ. ಗಂಟೆ ಹೊಡೆಯುವ, ಪಾಠ ನಡೆಯುವ ಮಾಮೂಲಿ ದಿನವೊಂದರಲ್ಲೂ, ಸಾಧ್ಯವಾದರೆ ಏನಾದರೊಂದು ಕಚೇರಿ ಕೆಲಸ ಇಟ್ಟುಕೊಂಡು ಹೋಗಿ.

ನಾನು ಓದಿದ್ದು ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿದ್ದು 1992ರಲ್ಲಿ, ಕಲಬುರಗಿ ಇನ್ನೂ ಗುಲಬರ್ಗಾ ಆಗಿದ್ದಾಗ. ನಂತರ ಬೆಂಗಳೂರು ಸೇರಿದವನನ್ನು ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಿಸಿದ್ದು ಅಭಿಮಾನವಲ್ಲ, ಸಂವಿಧಾನದ 371(ಜೆ) ವಿಧಿ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಶಿಕ್ಷಣ ಮತ್ತು ನೌಕರಿಯಲ್ಲಿ ಮೀಸಲಾತಿ ಕೊಡುವ ಈ ವಿಧಿಯಡಿ ಅರ್ಹತಾ ಪ್ರಮಾಣಪತ್ರ ಬೇಕೆಂದರೆ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಹಾಕಬೇಕು. ಮಗಳ ಅರ್ಜಿಗೆ ನನ್ನ ವ್ಯಾಸಂಗ ಪ್ರಮಾಣಪತ್ರವನ್ನೂ ಲಗತ್ತಿಸಿ ಎಂದರು. ಹೀಗಾಗಿ ಹೊರಟೆ.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈದಾನ ಚಿಕ್ಕದಾಗಿ ಕಂಡಿತು, ಎಲ್ಲರಿಗೂ ಹಾಗೇ ಕಾಣುತ್ತದಂತೆ. ಕಲ್ಲು ಗಣಿಗಳ ಸೀಮೆ ನಮ್ಮದು. ನೆಲಕ್ಕೂ ಪರ್ಸಿ (ಚಪ್ಪಡಿ ಕಲ್ಲು), ಮಾಳಿಗೆಗೂ ಪರ್ಸಿ, ಕಂಪೌಂಡಿಗೂ ಸಾಲಾಗಿ ನಿಲ್ಲಿಸಿದ ಪರ್ಸಿ. ಹಳೆಯ ಕೋಣೆಗಳಲ್ಲಿ ಅದೇ ಕಲ್ಲು ಉಳಿದಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಫಲಕ ಹೊತ್ತ ಹೊಸ ಕೋಣೆಗಳಿಗೆ ಟೈಲ್ಸ್ ಬಂದಿದೆ. ಮೇ ತಿಂಗಳ ಬಿಸಿಲಲ್ಲಿ ಯಾವುದರ ಮೇಲೆ ಅಂಗಾತ ಮಲಗಬಹುದು ಎಂದು ನನ್ನನ್ನು ಕೇಳಿದರೆ ಪರ್ಸಿಯನ್ನೇ ತೋರಿಸುತ್ತೇನೆ.

ನಿಮಗೆ ಹೇಳಬೇಕೆಂದಿದ್ದು ಕಚೇರಿಯ ಕಬ್ಬಿಣದ ಬೀರುವಿನಲ್ಲಿದ್ದ ದಾಖಲಾತಿ ರಿಜಿಸ್ಟರಿನ ವಿಷಯ. ಗುಮಾಸ್ತರು ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಧೂಳು ಕೊಡವಿ, 1989ರಲ್ಲಿ ನಾವು ಎಂಟನೇ ತರಗತಿಗೆ ಸೇರಿದ ಪುಟ ತೆರೆದರು. ಅದನ್ನು ಯಾರಿಗೆಂದರೆ ಅವರಿಗೆ ತೋರಿಸುವುದಿಲ್ಲ, ತೋರಿಸಲೂಬಾರದು. ಆದರೆ ನನ್ನ ಸಾಲನ್ನು ನಾನೇ ಹುಡುಕಿಕೊಡಬೇಕಾಗಿದ್ದರಿಂದ ಆ ಪುಟವೆಲ್ಲ ಕಣ್ಣಿಗೆ ಬಿದ್ದಿತು.

ಮೊದಲು ನಗು ಬಂದಿತು. ಹುಟ್ಟಿದ ದಿನಾಂಕದ ಕಾಲಂ ಪ್ರಕಾರ ನಮ್ಮ ತರಗತಿಯ ಬಹುಪಾಲು ಮಕ್ಕಳು ಹುಟ್ಟಿದ್ದು ಜೂನ್ 1ರಂದು! ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ, ಮುಟ್ಟಿದರೆ ಒಂದನೇ ತರಗತಿಗೆ ವಯಸ್ಸಾಯಿತು ಎಂದು ತೀರ್ಮಾನಿಸುತ್ತಿದ್ದ ಕಾಲ ಅದು. ಮಾಸ್ತರರು ಶಾಲೆ ಶುರುವಾಗುವ ದಿನಕ್ಕೇ ಹುಟ್ಟುಹಬ್ಬವನ್ನೂ ಹೊಂದಿಸಿಬಿಡುತ್ತಿದ್ದರು. ನಾನೂ ಜೂನ್ 1ರವನೇ. ಅವ್ವನ ಲೆಕ್ಕ ಬೇರೆ: ಹೋಳಿಯಾಗಿ, ಶರಣಬಸಪ್ಪನ ತೇರು ಎಳೆದು ಇನ್ನೂ ವಾರವಾಗಿರಲಿಲ್ಲವಂತೆ. ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಎಲ್ಲವೂ ಮಾಸ್ತರರ ಮಾತನ್ನೇ ನಂಬಿವೆ.

ಕೊನೆಯ ಕಾಲಂಗೆ ಬಂದಾಗ ಮಾತ್ರ ನಗು ನಿಂತಿತು. ಶಾಲೆ ಬಿಟ್ಟ ಕಾರಣ ಬರೆಯುವ ಜಾಗ ಅದು. ಕೆಲವರ ಹೆಸರಿನ ಮುಂದೆ ‘ವ್ಯಾಸಂಗ ಮುಗಿದಿದೆ’ ಎಂದಿತ್ತು. ಉಳಿದ ಸಾಲುಗಳಲ್ಲಿ ಮೇಲಿಂದ ಕೆಳಗೆ ಒಂದೇ ಕೈಬರಹದಲ್ಲಿ ‘ಸತತ ಗೈರುಹಾಜರಿ’. ಹೆಣ್ಣುಮಕ್ಕಳ ಸಾಲುಗಳಲ್ಲಂತೂ ಅದೇ ಹೆಚ್ಚು. ಅವರಲ್ಲಿ ಕೆಲವರ ಮದುವೆಯ ಊಟಕ್ಕೆ ನಾವೇ ಹೋಗಿದ್ದೆವು, ಒಂಬತ್ತನೇ ತರಗತಿಯಲ್ಲಿ. ಹುಡುಗರಲ್ಲಿ ಹಲವರು ತಂದೆತಾಯಿಯ ಜೊತೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋದವರು. ತೊಗರಿ ರಾಶಿ ಮುಗಿದ ಮೇಲೆ ಬೆಂಚು ಖಾಲಿಯಾಗುತ್ತಿತ್ತು, ಮಳೆಗಾಲಕ್ಕೆ ತುಂಬುತ್ತಿತ್ತು, ಒಂದು ವರ್ಷ ತುಂಬಲಿಲ್ಲ. ರಿಜಿಸ್ಟರಿಗೆ ಇದೆಲ್ಲ ಬರೀ ಗೈರುಹಾಜರಿ.

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಇವರು ಯಾರೂ ಇಲ್ಲ. ಇರಲು ಹೇಗೆ ಸಾಧ್ಯ? ಗುಂಪು ಕಟ್ಟಿದ್ದೇ ಹತ್ತನೇ ತರಗತಿಯ ಬೀಳ್ಕೊಡುಗೆಯ ಫೋಟೋ ಇಟ್ಟುಕೊಂಡು. ‘ನಮ್ಮ ಬ್ಯಾಚಿನಲ್ಲಿ ಎಲ್ಲರೂ ದಡ ಸೇರಿದರು’ ಎಂದು ವರ್ಷಕ್ಕೊಮ್ಮೆ ಯಾರಾದರೂ ಅಲ್ಲಿ ಬರೆಯುತ್ತಾರೆ. ದಡ ಸೇರಿದವರನ್ನೇ ಎಣಿಸಿದರೆ ಲೆಕ್ಕ ಯಾವಾಗಲೂ ಸರಿಯಾಗಿಯೇ ಬರುತ್ತದೆ.

ಆ ಪುಟದಲ್ಲಿದ್ದ ಒಬ್ಬ ಹುಡುಗ ಈಗ ಸ್ವಂತ ಟಿಪ್ಪರ್ ಇಟ್ಟುಕೊಂಡು ಕಲ್ಲು ಸಾಗಿಸುತ್ತಾನೆ ಎಂದು ಶಾಲೆಯ ಜವಾನರೇ ಹೇಳಿದರು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಸಿಕ್ಕ, ಗುರುತು ಹಿಡಿದ, ಸುಸಲಾ ಮಿರ್ಚಿ ಭಜಿ ತರಿಸಿದ. ನಮ್ಮ ಬ್ಯಾಚಿನ ಗುರುವಂದನೆಗೆ ಏಕೆ ಹೋಗಲಿಲ್ಲ ಎಂದು ಕೇಳಿದೆ. ‘ನನ್ನನ್ನು ಯಾರು ಕರೆಯಬೇಕೋ? ಫೋಟೋದಲ್ಲೇ ನಾನಿಲ್ಲ’ ಎಂದ. ಸಿಟ್ಟಿನಿಂದ ಹೇಳಲಿಲ್ಲ. ಗಣಿತದ ಸರ್ ಬಗ್ಗೆ ನನಗಿಂತ ಹೆಚ್ಚು ಕಥೆಗಳು ಅವನ ಬಳಿಯೇ ಇದ್ದವು, ಪೆಟ್ಟು ಹೆಚ್ಚು ತಿಂದವನೂ ಅವನೇ. ಬಿಲ್ಲನ್ನು ನನಗೆ ಕೊಡಲು ಬಿಡಲಿಲ್ಲ.

ಈಗಿನ ಶಾಲೆ ಕೆಟ್ಟಿದೆ ಎಂದು ಹಳಹಳಿಸುವವರ ಜೊತೆ ನಾನಿಲ್ಲ. ಫಲಿತಾಂಶದಲ್ಲಿ ನಾವು ಹಿಂದಿದ್ದೇವೆ, ನಿಜ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ. ಆದರೆ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂದಿದೆ ಎಂಬುದನ್ನೂ ಸೇರಿಸಿ ಮಾತನಾಡಬೇಕು. ನಮ್ಮ ಕಾಲದಲ್ಲಿ ಕಿಟಕಿಯಿಂದ ಏನೇನು ಒಳಗೆ ಬರುತ್ತಿತ್ತು ಎಂಬುದು ನಮಗೇ ಗೊತ್ತು. ನಾನು ಹೋದ ದಿನ ಒಂಬತ್ತನೇ ತರಗತಿಯ ಬೆಂಚುಗಳಲ್ಲಿ ಅರ್ಧಕ್ಕೂ ಹೆಚ್ಚು ಹುಡುಗಿಯರು. 2002ರಲ್ಲಿ ಬಿಸಿಯೂಟ ಮೊದಲು ಶುರುವಾದದ್ದು ನಮ್ಮ ಭಾಗದ ಜಿಲ್ಲೆಗಳಲ್ಲೇ. ಆಮೇಲೆ ಪ್ರೌಢಶಾಲೆಗೂ ಬಂದಿತು. 2006–07ರಿಂದ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟರು. ಆ ಯೋಜನೆ ಈಗ ನಿಂತಿದೆ, ನಿಲ್ಲಿಸಬಾರದಿತ್ತು. ಮನೆಗೂ ಶಾಲೆಗೂ ನಡುವೆ ತೊಗರಿ ಹೊಲದ ದಾರಿ ಇರುವ ಹುಡುಗಿಗೆ ಸೈಕಲ್ ಎಂದರೆ ಇನ್ನೆರಡು ವರ್ಷದ ಓದು.

ನೀವು ಕಾರ್ಯಕ್ರಮ ಮಾಡುವವರ ಪೈಕಿಯೇ ಆಗಿದ್ದರೆ ಹೀಗೆ ಮಾಡಿ ನೋಡಿ: ಹತ್ತನೇ ತರಗತಿ ದಾಟಿದವರ ಪಟ್ಟಿ ಬಿಟ್ಟು, ಎಂಟಕ್ಕೆ ಸೇರಿದವರ ಪಟ್ಟಿ ಮಾಡಲು ಮುಖ್ಯ ಗುರುಗಳ ನೆರವು ಕೇಳಿ. ನಮ್ಮ ಗುಂಪಿನಲ್ಲಿ ಇದನ್ನು ಹೇಳಿದಾಗ ‘ಓದು ಬಿಟ್ಟವರನ್ನು ಕರೆದರೆ ಅವರಿಗೇ ಮುಜುಗರ’ ಎಂದು ಒಬ್ಬರು ಉತ್ತರಿಸಿದರು. ಮುಜುಗರ ಯಾರಿಗೆ ಎಂಬ ಬಗ್ಗೆ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ. ಶಾಲು, ನೆನಪಿನ ಕಾಣಿಕೆಗಳ ಖರ್ಚು ತುಸು ಕಡಿಮೆ ಮಾಡಿ. ಏನು ಬೇಕು ಎಂದು ಶಾಲೆಯವರನ್ನೇ ಕೇಳಿ; ನಮ್ಮಲ್ಲಿ ಕೇಳಿದ್ದು ಹುಡುಗಿಯರ ಶೌಚಾಲಯದ ನೀರಿಗೆ ಒಂದು ಮೋಟಾರು. ದಾನಿಗಳ ಹೆಸರು ಬರೆದ ಗೋಡೆ ಗಡಿಯಾರಗಳು ಅವರ ಬಳಿ ಬೇಕಾದಷ್ಟಿವೆ.

ಪ್ರಮಾಣಪತ್ರವನ್ನೂ ಮಾಡಿಸುವುದಿದ್ದರೆ ಸೇರಿದ ವರ್ಷ, ಬಿಟ್ಟ ವರ್ಷ, ತಂದೆಯ ಹೆಸರು ಬರೆದ ಮನವಿಪತ್ರ ಒಯ್ಯಿರಿ. ಮುಖ್ಯ ಗುರುಗಳ ಸಹಿಯಾದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನೂ ಕೇಳುತ್ತಾರೆ, ಆದ್ದರಿಂದ ಎರಡು ದಿನದ ಬಿಡುವು ಇರಲಿ. ಮಾರ್ಚ್ ಪರೀಕ್ಷೆಯ ಗಡಿಬಿಡಿಯಲ್ಲಿ ಹೋಗಬೇಡಿ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ತಲುಪಿದರೆ ಬೀಗ ನೋಡಿ ಬರಬೇಕಾಗುತ್ತದೆ.