ಮರು: ತುಮಕೂರಿನಲ್ಲಿ ನಿರಾಸೆಯಾಯ್ತು, ಕೋಲಾರಕ್ಕೆ ಅಮ್ಮನನ್ನು ಕರ್ಕೊಂಡು ಹೋಗಲಾ?

ತುಮಕೂರಿನ ಸಂಗೀತ ಕಾರ್ಯಕ್ರಮದಲ್ಲಿ ಆ ಹಿರಿಯ ಗಾಯಕರ ಹಾಡು ಚೆನ್ನಾಗಿ ಕೇಳಲಿಲ್ಲ, ಅವರ ಕೋಲಾರದ ಕಾರ್ಯಕ್ರಮಕ್ಕೆ ಅಮ್ಮನನ್ನು ಕರ್ಕೊಂಡು ಹೋಗಲಾ ಅಂತ ಕೇಳಿದ್ದೀರಿ. ಅವರ ದನಿಗಿಂತ ನೀವು ಕೂತ ಜಾಗವೇ ಕಾರಣ ಅನ್ನಿಸುತ್ತೆ. ಮೊದಲ ಸಾಲು, ಎಡಗಡೆ ಸ್ಪೀಕರ್ ಪಕ್ಕ ಅಂದಿದ್ದೀರಿ. ಅಲ್ಲಿ ಬೇಸ್, ಅಂದರೆ ತಗ್ಗಿನ ಸದ್ದು, ಎದೆಗೇ ಬಡಿಯುತ್ತೆ, ಹಾಡಿನ ಮಾತು ಅದರಡಿ ಮುಚ್ಚಿಹೋಗುತ್ತೆ. ಮಧ್ಯದಲ್ಲಿದ್ದ ನಿಮ್ಮ ಗೆಳೆಯರು ಕಣ್ಣೊರೆಸಿಕೊಂಡು ಬಂದದ್ದೂ ಅದಕ್ಕೇ. ಆರ್ಕೆಸ್ಟ್ರಾಗಳಿಗೆ ಸೌಂಡ್ ಹಾಕುವಾಗ ಎಷ್ಟೋ ಸಲ ಕಂಡಿದ್ದೇನೆ: ಮಿಕ್ಸರ್ (ಎಲ್ಲ ಮೈಕುಗಳ ಸದ್ದನ್ನು ಹದ ಮಾಡುವ ಯಂತ್ರ) ಹತ್ತಿರ ತಬಲಾದ ಮೇಲಿನ ಬೆರಳೂ ಕೇಳುತ್ತೆ, ಮೂಲೆಗೆ ಹೋದರೆ ಪಲ್ಲವಿಯೇ ತಿಳಿಯಲ್ಲ.

ಮೊದಲು ಆ ಗೆಳೆಯರ ಮೊಬೈಲ್ ವಿಡಿಯೋ ತರಿಸಿ, ಹೆಡ್‌ಫೋನ್ ಹಾಕಿ ಕೇಳಿ. ಅದರಲ್ಲೂ ಸ್ವರ ಜಾರಿದ್ದರೆ ಅವತ್ತು ಗಂಟಲೇ ಕೆಟ್ಟಿತ್ತು ಅನ್ನಬಹುದು. ಅದನ್ನು ಕೇಳದೆ ನಾನು ಖಚಿತವಾಗಿ ಹೇಳಲಾರೆ.

ವಿಡಿಯೋ ಚೆನ್ನಾಗಿದ್ದರೆ ಟಿಕೆಟ್ ತಗೊಳ್ಳಿ. ಕೋಲಾರಕ್ಕೆ ಒಂದು ಗಂಟೆ ಮೊದಲೇ ಹೋಗಿ, ಮಿಕ್ಸರ್ ಟೇಬಲ್ ಹುಡುಕಿ, ಅದರ ಮುಂದಿನ ಸಾಲುಗಳಲ್ಲಿ ಕೂರಿ. ತೀರಾ ಹಿಂದೆ ಬೇಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತೆ. 70 ಮೀಟರ್ ಹಿಂದಿದ್ದರೆ ಪರದೆಯ ಮೇಲೆ ತುಟಿ ಮೊದಲು ಆಡುತ್ತೆ, ಹಾಡು ಆಮೇಲೆ ಬರುತ್ತೆ. ಅಮ್ಮನ ಕಿವಿಗೆ ಇಯರ್‌ಪ್ಲಗ್ ತಗೊಂಡು ಹೋಗಿ.

ಶ್ರುತಿ ವಿಷಯ ಅಮ್ಮನಿಗೆ ಮೊದಲೇ ಹೇಳಿ. ವಯಸ್ಸಾದ ಗಾಯಕರು ಕ್ಯಾಸೆಟ್ಟಿಗಿಂತ ಶ್ರುತಿಯನ್ನು ಒಂದೆರಡು ಮನೆ (ಹಾರ್ಮೋನಿಯಂನ ಒಂದೊಂದು ಕೀಲಿಯಷ್ಟು) ಇಳಿಸಿ ಹಾಡುವುದುಂಟು. ಅದು ಮೋಸ ಅಲ್ಲ. ಮೇಲಿನ ಸ್ವರವನ್ನು ಕಿರುಚದೆ ಮುಟ್ಟೋಕೆ ಅದೇ ದಾರಿ. ಮೊದಲ ಎರಡು ಹಾಡಿಗೇ ಎದ್ದು ಬರಬೇಡಿ, ಗಂಟಲು ಪಳಗೋಕೆ, ಸೌಂಡ್ ಹದಕ್ಕೆ ಬರೋಕೆ ಅಷ್ಟು ಹೊತ್ತು ಬೇಕು.