ಕಾರಿಗೆ ಮ್ಯೂಸಿಕ್ ಸೆಟ್ ಹಾಕ್ಸಿದ್ಮೇಲೆ ಬ್ಯಾಟರಿ ಯಾಕೆ ಡೌನ್ ಆಗುತ್ತೆ?

ಪ್ರಶ್ನೆ: ಸರ್, ನಂದು 2012ರ ವ್ಯಾಗನ್‌ಆರ್. ಮೂರು ತಿಂಗಳ ಹಿಂದೆ 9 ಇಂಚಿನ ಆಂಡ್ರಾಯ್ಡ್ ಸೆಟ್ ಹಾಕ್ಸಿದೆ. ಅವತ್ತಿಂದ ಎರಡು ಮೂರು ದಿನ ಗಾಡಿ ತೆಗೀದೆ ಬಿಟ್ರೆ ಬ್ಯಾಟರಿ ಪೂರ್ತಿ ಡೌನ್, ಪಕ್ಕದ ಮನೆಯೋರನ್ನ ಕರೆದು ತಳ್ಳಿಸ್ಬೇಕು. ಬ್ಯಾಟರಿ ಹಳೇದಾಗಿದೆ ಅಂದ್ರು, ಹೊಸಾದು ಹಾಕ್ಸಿದ್ರೂ ಹಂಗೇ ಇದೆ. ಏನ್ ಮಾಡ್ಲಿ?
– ಓದುಗರು, ದಾವಣಗೆರೆ

ಉತ್ತರ: ಬ್ಯಾಟರಿ ದುಡ್ಡು ಸುಮ್ನೆ ಹೋಯ್ತಲ್ಲ ಅಂತ ಬೇಜಾರಾಯ್ತು. ನೀವು ಹೇಳೋದು ನೋಡಿದ್ರೆ ತಪ್ಪು ಬ್ಯಾಟರೀದಲ್ಲ, ಸೆಟ್ ಹಿಂದಿರೋ ಎರಡು ವೈರ್‌ದು. ಸೆಟ್ಟಿಂದ ಬರೋ ಹಳದಿ ವೈರಿಗೆ ಯಾವಾಗ್ಲೂ 12 ವೋಲ್ಟ್ ಬೇಕು, ಟೈಮು, ಸ್ಟೇಷನ್ನು ನೆನಪಿಟ್ಕೊಳ್ಳೋಕೆ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರ್ಬೇಕು, ಕೀ ತೆಗೆದ ತಕ್ಷಣ ಹೋಗ್ಬೇಕು, ಸೆಟ್ಟಿಗೆ ಆಫ್ ಆಗು ಅಂತ ಹೇಳೋದೇ ಅದು. ಕೆಲವರು ಕೆಲಸ ಬೇಗ ಮುಗೀಲಿ ಅಂತ ಕೆಂಪು ಹಳದಿ ಎರಡನ್ನೂ ಸೇರಿಸಿ ಸುತ್ತಿ ಡೈರೆಕ್ಟ್ ಲೈನಿಗೆ ಕೊಟ್ಟುಬಿಡ್ತಾರೆ, ಸ್ಕ್ರೀನ್ ಆಫ್ ಮಾಡಿದ್ರೂ ಒಳಗೆ ಸೆಟ್ ಎದ್ದೇ ಇರುತ್ತೆ. ಲೆಕ್ಕ ನೋಡಿ, 300 ಮಿಲಿಆಂಪ್ ಅಂತ ಎಳೆದ್ರೂ ಮೂರು ದಿನಕ್ಕೆ ಅಂದ್ರೆ 72 ಗಂಟೆಗೆ 21 ಆಂಪ್‌ಅವರ್ ಮೇಲಾಯ್ತು, ಸಣ್ಣ ಕಾರಲ್ಲಿ ಇರೋ 35 ಆಂಪ್‌ಅವರ್ ಬ್ಯಾಟರೀಲಿ ಅರ್ಧಕ್ಕಿಂತ ಜಾಸ್ತಿ ಖಾಲಿ, ಇನ್ನ ಸೆಲ್ಫ್ ಎಲ್ಲಿಂದ ಹೊಡೀಬೇಕು?

ಖಾತ್ರಿ ಮಾಡ್ಕೊಳ್ಳೋದು ಕಷ್ಟ ಅಲ್ಲ. ಮಲ್ಟಿಮೀಟರನ್ನ 10 ಆಂಪ್‌ಗೆ ಇಟ್ಕೊಂಡು, ಬ್ಯಾಟರಿ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ಮಧ್ಯೆ ಮೀಟರ್ ಕೊಡಿ. ಡೋರೆಲ್ಲ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ, ಸಾಮಾನ್ಯವಾಗಿ 50 ಮಿಲಿಆಂಪ್ ಒಳಗಿರ್ಬೇಕು. ಜಾಸ್ತಿ ಇದ್ರೆ ಸೆಟ್ಟಿನ ಫ್ಯೂಸ್ ಕೀಳಿ, ರೀಡಿಂಗ್ ಧಪ್ ಅಂತ ಇಳಿದ್ರೆ ಕಳ್ಳ ಅದೇ. ಮೀಟರ್ ಹಂಗೇ ಇಟ್ಕೊಂಡು ಮಾತ್ರ ಯಾವ ಕಾರಣಕ್ಕೂ ಸ್ಟಾರ್ಟ್ ಹೊಡೀಬೇಡಿ, ಮೀಟರ್ ಸುಟ್ಟೋಗುತ್ತೆ. ಆಮೇಲೆ ಸೆಟ್ ಹಾಕಿದೋರ ಹತ್ರಾನೇ ಹೋಗಿ, ಕೆಂಪು ವೈರನ್ನ ಆಕ್ಸೆಸರಿ ಲೈನಿಗೆ, ಅಂದ್ರೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರೋ ಲೈನಿಗೆ ಬದಲಾಯಿಸಿ ಅನ್ನಿ, ಹತ್ತು ನಿಮಿಷದ ಕೆಲಸ. ಕೀ ತೆಗೆದಾಗೆಲ್ಲ ಟೈಮು ಸ್ಟೇಷನ್ನು ಅಳಿಸಿ ಹೋಗ್ತಿದೆ ಅಂತ ಬರೆಯೋರೂ ಇದ್ದಾರೆ, ಅವರ ಗಾಡೀಲಿ ಈ ಎರಡು ವೈರ್ ಅದಲು ಬದಲಾಗಿರುತ್ತೆ.

ಪ್ರಶ್ನೆ: ಹೊಸ ಸೆಟ್ ಹಾಕ್ಸಿದ್ಮೇಲೆ ಎಫ್ಎಂ ಬರೀ ಗೊರ್ ಅನ್ನುತ್ತೆ, ಕಂಪನಿ ಸೆಟ್ಟಲ್ಲಿ ಚೆನ್ನಾಗೇ ಬರ್ತಿತ್ತು. ಆಂಟೆನಾ ಚೇಂಜ್ ಮಾಡ್ಬೇಕಾ?
– ಓದುಗರು, ತುಮಕೂರು

ಉತ್ತರ: ಬೇಡ. ಎಷ್ಟೋ ಕಾರಲ್ಲಿ ರೂಫ್ ಮೇಲಿನ ಗಿಡ್ಡ ಆಂಟೆನಾ ಬುಡದಲ್ಲಿ ಸಣ್ಣ ಬೂಸ್ಟರ್ ಇರುತ್ತೆ, ಅದಕ್ಕೆ 12 ವೋಲ್ಟ್ ಹೋಗ್ಬೇಕು. ಸೆಟ್ಟಿನ ನೀಲಿ ವೈರ್ ಇರೋದೇ ಇದಕ್ಕೆ, ಅದನ್ನ ಖಾಲಿ ಬಿಟ್ಟು ಟೇಪ್ ಸುತ್ತಿರ್ತಾರೆ, ಬೂಸ್ಟರ್ ವೈರಿಗೆ ಸೇರಿಸೋಕೆ ಹೇಳಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಆದ್ರೆ ಆಂಟೆನಾ ಕೇಬಲ್ ಒಳಗೇ ಕರೆಂಟ್ ಹೋಗುತ್ತೆ, ಅದಕ್ಕೆ ಬೇರೆ ಅಡಾಪ್ಟರ್ ಸಿಗುತ್ತೆ.

ಪ್ರಶ್ನೆ: ನಮಸ್ಕಾರ್ರೀ ಸರ್. ಹೊಸಾ ಗಾಡಿ ತಗೊಂಡೀನ್ರಿ, ಬೇಸ್ ಮಾಡೆಲ್, ಸೆಟ್ ಇಲ್ಲ. ಅಂಗಡ್ಯಾವ್ರು ವೈರ್ ಕಟ್ ಮಾಡಿ ಜೋಡಸ್ತೀವಿ ಅಂತಾರ. ವಾರಂಟಿ ಹೋಗ್ತದೇನ್ರಿ?
– ಓದುಗರು, ಹುಬ್ಬಳ್ಳಿ

ಉತ್ತರ: ಕಟ್ ಮಾಡ್ಸಬೇಡ್ರಿ, ಕೈ ಮುಗಿದು ಹೇಳ್ತೀನಿ. ಕತ್ತರಿಸಿದ ಗುರುತು ಕಂಡ್ರೆ ಮುಂದೆ ಆ ವೈರಿಂಗಲ್ಲಿ ಏನೇ ತೊಂದ್ರೆ ಬಂದ್ರೂ ವಾರಂಟಿ ಇಲ್ಲ ಅನ್ನೋಕೆ ಕಾರ್ ಕಂಪನಿಯೋರಿಗೆ ಕಾರಣ ನೀವೇ ಕೊಟ್ಟಂಗೆ. ನಿಮ್ಮ ಗಾಡಿ ಮಾಡೆಲ್ಲಿಗೆ ಸರಿಯಾದ ಕಪ್ಲರ್ ಸಿಗುತ್ತೆ, ಒಂದು ಕಡೆ ಕಂಪನಿ ಸಾಕೆಟ್ಟಿಗೆ ಇನ್ನೊಂದು ಕಡೆ ಸೆಟ್ಟಿಗೆ, ಗಾಡಿ ಮಾರೋವಾಗ ಕಿತ್ಕೊಂಡ್ರೆ ಎಲ್ಲಾ ಮೊದಲಿನಂಗೆ. ಅಲ್ಲಿ ಸಿಗದಿದ್ರೆ ಕಾರ್ ಸಾಮಾನಿನ ಅಂಗಡಿಗಳಿರೋ ಬೆಂಗಳೂರಿನ ಜೆ.ಸಿ. ರೋಡ್ ಕಡೆ ಬರೋರ ಕೈಲಿ ತರಿಸ್ಕೊಳ್ಳಿ. ಸ್ಟೀರಿಂಗ್ ಬಟನ್ ಇದ್ರೆ ಅದಕ್ಕೂ ಕೂಡೋ ಕಪ್ಲರ್ ಕೇಳಿ. ಇನ್ನೊಂದು ಮಾತು, ಮೇಲೆ ಹೇಳಿದ ಬಣ್ಣಗಳು ಸೆಟ್ಟಿನ ವೈರುಗಳದ್ದು, ಗಾಡಿ ಕಡೆ ಬಣ್ಣ ಒಂದೊಂದು ಕಂಪನಿಗೆ ಒಂದೊಂದು ಥರ, ಬಣ್ಣ ನೋಡಿ ಅಂದಾಜಲ್ಲಿ ಸೇರಿಸೋರನ್ನ ಅಲ್ಲೇ ನಿಲ್ಲಿಸಿ. ಡ್ಯಾಶ್‌ಬೋರ್ಡ್ ಬಿಚ್ಚೋಕೆ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆಸಿ, ಒಳಗೆ ಹಳದಿ ಕನೆಕ್ಟರ್ ಕಂಡ್ರೆ ಅದು ಏರ್‌ಬ್ಯಾಗಿಂದು, ಟೆಸ್ಟರ್ ಚುಚ್ಚೋದಿರ್ಲಿ ಮುಟ್ಟೋಕೂ ಬಿಡಬೇಡಿ.

ಪ್ರಶ್ನೆ: ಸೆಟ್ ಡಬ್ಬಿ ಮೇಲೆ 50 ವಾಟ್ಸ್ × 4 ಅಂತಿದೆ, ಆದ್ರೂ ವಾಲ್ಯೂಮ್ ಜಾಸ್ತಿ ಮಾಡಿದ್ರೆ ಸೌಂಡ್ ಒಡೆಯುತ್ತೆ. ಆಂಪ್ಲಿಫೈಯರ್, ಸಬ್‌ವೂಫರ್ ಹಾಕ್ಸಿ ಅಂತಿದಾರೆ. ಹಾಕ್ಸಲಾ?
– ಓದುಗರು, ಮೈಸೂರು

ಉತ್ತರ: ಆ 50 ಒಂದು ಕ್ಷಣದ ಪೀಕ್ ಲೆಕ್ಕ. ಎಂಜಿನ್ ಓಡ್ತಿದ್ದಾಗ ಸಿಗೋದು 14.4 ವೋಲ್ಟ್, ಸ್ಪೀಕರ್ 4 ಓಮ್, ಇದರಲ್ಲಿ ಸೌಂಡ್ ಒಡೆಯದೆ ಒಂದು ಚಾನೆಲ್ಲಿಗೆ (ಅಂದ್ರೆ ಒಂದು ಸ್ಪೀಕರಿಗೆ) 26 ವಾಟ್ಸ್ ದಾಟೋಕೆ ಸಾಮಾನ್ಯ ಸೆಟ್ಟಿಗೆ ಆಗೋದೇ ಇಲ್ಲ, ನಿಜಕ್ಕೂ ಸಿಗೋದು 20ರ ಆಸುಪಾಸು. ಕೊಳ್ಳೋವಾಗ ಆರ್‌ಎಂಎಸ್, ಅಂದ್ರೆ ಸತತವಾಗಿ ಸಿಗೋ ಪವರ್ ಎಷ್ಟು ಅಂತ ಕೇಳಿ.

ನನ್ನ ಕೇಳಿದ್ರೆ ಮೊದಲು ಮುಂದಿನ ಎರಡು ಡೋರಿಗೆ ಒಳ್ಳೆ ಸ್ಪೀಕರ್ ಹಾಕ್ಸಿ, ಡೋರ್ ಪ್ಯಾಡ್ ಬಿಚ್ಚಿದಾಗಲೇ ತಗಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ. ತಗಡು ಅದುರೋದು ನಿಂತ್ರೆ ಅದೇ ಸೆಟ್ಟಲ್ಲೇ ಪಿಟೀಲು, ಮೃದಂಗ ಬೇರೆ ಬೇರೆಯಾಗಿ ಕೇಳುತ್ತೆ, ನಾನು ನನ್ನ ಹಳೇ ಗಾಡೀಲಿ ಮೊದಲ ಸಲ ಹಂಗೆ ಕೇಳಿದ ದಿನ ಮನೆ ಬಂದ್ರೂ ಇಳೀದೆ ಕೂತಿದ್ದೆ. ಬೇಸ್ ಏನೂ ಇಲ್ಲ ಅನ್ಸಿದ್ರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಉಲ್ಟಾ ಆಗಿರ್ಬಹುದು, ಒಂದು ಸ್ಪೀಕರ್ ಹೊರಗೆ ತಳ್ಳೋವಾಗ ಇನ್ನೊಂದು ಒಳಗೆ ಎಳೆಯುತ್ತೆ. ಸೆಟ್ಟಿಂದ ವೈರ್ ಬಿಚ್ಚಿ ಗಡಿಯಾರದ 1.5 ವೋಲ್ಟ್ ಸೆಲ್ ತಾಗಿಸಿ ನೋಡಿ, ಪ್ಲಸ್‌ಗೆ ಪ್ಲಸ್ ಕೊಟ್ರೆ ಕೋನ್ (ಸ್ಪೀಕರಲ್ಲಿ ಅದುರೋ ಭಾಗ) ಹೊರಗೆ ಬರ್ಬೇಕು. ಸ್ಪೀಕರ್ ಮೈನಸ್ಸನ್ನ ಗಾಡಿ ತಗಡಿಗೆ ಮಾತ್ರ ಕೊಡಬಾರದು, ಸೆಟ್ ಒಳಗಿನ ಐಸಿ (ಚಿಪ್) ಹೋಗುತ್ತೆ.

ಇಷ್ಟಾದ್ಮೇಲೂ ಆಂಪ್ (ಆಂಪ್ಲಿಫೈಯರ್) ಬೇಕು ಅನ್ಸಿದ್ರೆ ಹಾಕ್ಸಿ, ತಪ್ಪೇನಿಲ್ಲ, ಆದ್ರೆ ಒಂದು ವಿಷಯದಲ್ಲಿ ರಾಜಿ ಬೇಡ. ಬ್ಯಾಟರಿಯಿಂದ ಹೊರಡೋ ದಪ್ಪ ವೈರಿಗೆ, ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಫ್ಯೂಸ್ ಇರ್ಬೇಕು. ಆಂಪ್ ಹತ್ರ ಫ್ಯೂಸ್ ಇದೆಯಲ್ಲ ಅಂತಾರೆ, ಅದು ಆಂಪ್ ಕಾಯೋಕೆ. ಮಧ್ಯೆ ಎಲ್ಲೋ ತಗಡಿನ ತೂತಲ್ಲಿ ವೈರ್ ಉಜ್ಜಿ ಉಜ್ಜಿ ಬಾಡಿಗೆ ತಾಗಿದ್ರೆ ಬ್ಯಾಟರಿ ಪಕ್ಕದ ಫ್ಯೂಸ್ ಒಂದೇ ಗಾಡಿಗೆ ಬೆಂಕಿ ಹತ್ತದಂಗೆ ತಡೆಯೋದು. ಆ ತೂತಿಗೆ ರಬ್ಬರ್ ಗ್ರೋಮೆಟ್ (ಬಳೆ) ಹಾಕ್ಸಿ, ಪವರ್ ವೈರ್ ಒಂದು ಪಕ್ಕ, ಸೆಟ್ಟಿಂದ ಆಂಪ್‌ಗೆ ಸೌಂಡ್ ಒಯ್ಯೋ ಆರ್‌ಸಿಎ ಕೇಬಲ್ ಇನ್ನೊಂದು ಪಕ್ಕ ಎಳೆಸಿ. ಅರ್ಥ್ ವೈರ್ ಕೂರಿಸೋ ಜಾಗದಲ್ಲಿ ಪೇಂಟ್ ಕೆರೆದು ಬರೀ ತಗಡಿಗೆ ಬೋಲ್ಟ್ ಟೈಟ್ ಮಾಡಿಸಿ, ಎಕ್ಸಿಲೇಟರ್ ಒತ್ತಿದಂಗೆಲ್ಲ ಸ್ಪೀಕರಲ್ಲಿ ಕುಂಯ್ ಅನ್ನೋ ಸದ್ದು ಬರೋದು ಹೆಚ್ಚಾಗಿ ಅರ್ಥ್ ಸರಿ ಕೂರದಿದ್ರೇನೇ. ಕೆಲಸ ಮುಗಿಯೋವರೆಗೂ ಅಲ್ಲೇ ಪಕ್ಕದಲ್ಲಿ ನಿಂತಿರಿ, ಪ್ಯಾನೆಲ್ ಮುಚ್ಚೋ ಮುಂಚೆ ಒಂದೊಂದು ಜಾಯಿಂಟಿಂದೂ ಮೊಬೈಲಲ್ಲಿ ಫೋಟೋ ತಕ್ಕೊಳ್ಳಿ.