ನಡುಗಡಲಲ್ಲಿ ಹಾಯಿದೋಣಿಯ ಆರೈಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಹಾಯಿದೋಣಿಯಲ್ಲಿ ಗೋವಾದಿಂದ 2017ರ ಸೆಪ್ಟೆಂಬರ್‌ನಲ್ಲಿ ಹೊರಟು 2018ರ ಮೇ ತಿಂಗಳಲ್ಲಿ ಭೂಪ್ರದಕ್ಷಿಣೆ ಮುಗಿಸಿದರಲ್ಲ. ವಾರಗಟ್ಟಲೆ ದಡವೇ ಕಾಣದ ಕಡೆ ದೋಣಿಯಲ್ಲಿ ಮೊದಲು ಕೆಡುವುದು ಯಾವುದು? ದಿನವೂ ಏನೇನು ನೋಡಿಕೊಳ್ಳಬೇಕು?
– ಓದುಗರು, ಕುಮಟಾ

ಉತ್ತರ: ಒಂದಕ್ಕೊಂದು ಉಜ್ಜುವ ಜಾಗಗಳೇ ಮೊದಲು ಕೆಡುತ್ತವೆ. ಬಿರುಗಾಳಿಗಿಂತ ಹೆಚ್ಚಾಗಿ ಹಾಯಿ, ಹಗ್ಗಗಳನ್ನು ತಿನ್ನುವುದು ಈ ಉಜ್ಜಾಟ. ಗಾಳಿ ಹತ್ತು ದಿನ ಒಂದೇ ದಿಕ್ಕಿನಿಂದ ಬೀಸಿದರೆ, ಹಾಯಿ ಎತ್ತಿ ಹಿಡಿದ ಹಗ್ಗವೂ ಕಂಬದ ತುದಿಯ ರಾಟೆಯ ಮೇಲೆ ಹತ್ತು ದಿನ ಒಂದೇ ಜಾಗದಲ್ಲಿ ಕೂತಿರುತ್ತದೆ. ದೋಣಿ ಹೊರಳಿದಾಗಲೆಲ್ಲ ಅಷ್ಟೇ ಜಾಗ ಸವೆಯುತ್ತದೆ. ದಿನಕ್ಕೊಮ್ಮೆ ಆ ಹಗ್ಗವನ್ನು ನಾಲ್ಕೈದು ಸೆಂಟಿಮೀಟರ್ ಸರಿಸಿ. ಹೊರಡುವಾಗಲೇ ಎರಡು ಮೀಟರ್ ಹೆಚ್ಚು ಉದ್ದದ ಹಗ್ಗ ಹಾಕಿಸಿದ್ದರೆ, ಸವೆದ ತುದಿಯನ್ನು ಕತ್ತರಿಸಿ ಮತ್ತೆ ಕಟ್ಟಬಹುದು.

ಕಂಬವನ್ನು ಹಿಡಿದಿರುವ ಉಕ್ಕಿನ ತಂತಿಗಳ ವಿಷಯ ಇನ್ನೂ ಗಂಭೀರ. ಸಾಮಾನ್ಯವಾಗಿ ಹತ್ತೊಂಬತ್ತು ಎಳೆಗಳ ತಂತಿ ಬಳಸುತ್ತಾರೆ. ಕೆಳತುದಿಯಲ್ಲಿ ಲೋಹದ ಕೊಳವೆಯೊಳಗೆ ಒತ್ತಿ ಕೂರಿಸಿದ ಕಡೆ ಉಪ್ಪುನೀರು ಇಳಿದು ನಿಲ್ಲುವುದರಿಂದ, ಎಳೆ ಹೆಚ್ಚಾಗಿ ತುಂಡಾಗುವುದು ಆ ಬಾಯಲ್ಲೇ. ಬರಿಗೈಯಲ್ಲಿ ಸವರಬೇಡಿ, ಬೆರಳು ಸೀಳುತ್ತದೆ. ಟಿಶ್ಯೂ ಕಾಗದದಿಂದ ಒರೆಸಿ. ಎಳೆ ಮುರಿದಿದ್ದರೆ ಕಾಗದ ಸಿಕ್ಕಿಕೊಳ್ಳುತ್ತದೆ. ಒಂದೇ ಎಳೆ ಮುರಿದಿದ್ದರೂ ಆ ತಂತಿಯನ್ನು ನಂಬಬಾರದು. ಕಂಬದ ಎಡ ಅಥವಾ ಬಲ ಬದಿಯ ತಂತಿಯಾದರೆ, ಅದು ಗಾಳಿ ಬೀಸುವ ಬದಿಯಿಂದ ಆಚೆ ಬದಿಗೆ ಹೋಗುವಂತೆ ಕೂಡಲೇ ದೋಣಿ ತಿರುಗಿಸಿ, ಭಾರ ಇಳಿಯುತ್ತದೆ. ಹಾಯಿ ಕಿರಿದು ಮಾಡಿ, ಡೈನೀಮಾ ಎಂಬ ಬಲು ಗಟ್ಟಿಯಾದ ಕೃತಕ ನಾರಿನ ಹಗ್ಗವನ್ನು ಜೊತೆಗೆ ಬಿಗಿದು ಅದಕ್ಕೆ ಭಾರ ಹೊರಿಸಿ.

ಬೆಳಿಗ್ಗೆ ಡೆಕ್ ಮೇಲೆ ಒಂದು ಪಿನ್ನೋ ನಟ್ಟೋ ಸಿಕ್ಕರೆ, ಎಲ್ಲಿಂದ ಬಿತ್ತೆಂದು ಗೊತ್ತಾಗುವ ತನಕ ಬೇರೆ ಕೆಲಸಕ್ಕೆ ಕೈ ಹಾಕಬೇಡಿ. ಚುಕ್ಕಾಣಿಯ ಮೇಲೂ ಕಣ್ಣಿರಲಿ. ‘ತಾರಿಣಿ’ಯೂ ಕೊನೆಯ ಹಂತದಲ್ಲಿ ಚುಕ್ಕಾಣಿ ವ್ಯವಸ್ಥೆ ಕೆಟ್ಟು ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ತಂತಿಯಿಂದ ತಿರುಗುವ ಚುಕ್ಕಾಣಿಯಾದರೆ ರಾಟೆಗಳ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಲೋಹದ ಪುಡಿ ಬಿದ್ದಿದ್ದರೆ ತಂತಿ ಓರೆಯಾಗಿ ಓಡುತ್ತಿದೆ ಎಂದರ್ಥ. ತುರ್ತು ಚುಕ್ಕಾಣಿ ಹಿಡಿಯನ್ನು ಬಂದರಿನಲ್ಲೇ ಒಮ್ಮೆ ಜೋಡಿಸಿ, ದೋಣಿ ನಡೆಸಿ ನೋಡಿರಬೇಕು.

ಪ್ರಶ್ನೆ: ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವಿದ್ದರೆ ಟ್ಯಾಂಕಿನಲ್ಲಿ ನೀರು ತುಂಬಿಕೊಂಡು ಹೋಗುವುದೇಕೆ?
– ಓದುಗರು, ಮೈಸೂರು

ಉತ್ತರ: ಆ ಯಂತ್ರ ಕೆಟ್ಟರೂ ಮುಂದಿನ ಬಂದರು ಮುಟ್ಟುವಷ್ಟು ನೀರು ಜೊತೆಗಿರಲೇಬೇಕು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ ಹಿಡಿಯಿರಿ. ಇಬ್ಬರ 30 ದಿನಗಳ ಪಯಣಕ್ಕೆ 240 ಲೀಟರ್ ಆಯಿತು. ಅದರ ಮೇಲೆ ಅರ್ಧದಷ್ಟು ಹೆಚ್ಚಿಗೆ ಇರಲಿ. ಎಲ್ಲವನ್ನೂ ಒಂದೇ ಟ್ಯಾಂಕಿಗೆ ತುಂಬಬೇಡಿ, ಒಂದು ಕೆಟ್ಟರೆ ಇನ್ನೊಂದು ಉಳಿಯಬೇಕು. ಪಾತ್ರೆ ತೊಳೆಯಲು ಉಪ್ಪುನೀರು ಸಾಕು, ಕೊನೆಗೆ ಒಂದು ಲೋಟ ಸಿಹಿನೀರಲ್ಲಿ ಜಾಲಿಸಿ.

ಯಂತ್ರದ ಜೀವಾಳ, ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಅದರ ತೆಳು ಪೊರೆ. ಸುಮಾರು 55 ಬಾರ್ ಒತ್ತಡದಲ್ಲಿ ನೀರು ಅದನ್ನು ದಾಟಬೇಕು. ಎಣ್ಣೆ ಮತ್ತು ಕ್ಲೋರಿನ್ ಎರಡೂ ಅದಕ್ಕೆ ವಿಷ. ಆದ್ದರಿಂದ ಡೀಸೆಲ್ ತೇಲುವ ಬಂದರಿನಲ್ಲಿ ಯಂತ್ರ ಚಾಲೂ ಮಾಡಬೇಡಿ. ಪೊರೆ ತೊಳೆಯಲು ನಲ್ಲಿನೀರು ಬಳಸುವುದಾದರೆ ಇದ್ದಿಲಿನ ಫಿಲ್ಟರ್ ಮೂಲಕವೇ ಹಾಯಿಸಿ. ಕೆಲಸ ಮುಗಿದ ಮೇಲೆ ಸಿಹಿನೀರು ಹಾಯಿಸದೆ ಬಿಟ್ಟರೆ ಒಳಗೆ ಸಿಕ್ಕ ಸೂಕ್ಷ್ಮಜೀವಿಗಳು ಸತ್ತು ಕೊಳೆತ ಮೊಟ್ಟೆಯ ವಾಸನೆ ಹಿಡಿಯುತ್ತದೆ. ನೀರು ಬರುವುದು ಕಡಿಮೆಯಾದರೆ ಪೊರೆಯನ್ನು ದೂರುವ ಮೊದಲು, ನೀರು ಪೊರೆಗೆ ಹೋಗುವ ಮುನ್ನ ಹಾಯುವ ಫಿಲ್ಟರ್ ತೆಗೆದು ನೋಡಿ. ಸಾಮಾನ್ಯವಾಗಿ ಕಟ್ಟಿಕೊಂಡಿರುವುದು ಅದೇ.

ಪ್ರಶ್ನೆ: ಫ್ರಿಜ್ ಇಲ್ಲದೆ ತರಕಾರಿ ಎಷ್ಟು ದಿನ ಬರುತ್ತದೆ?
– ಓದುಗರು, ಧಾರವಾಡ

ಉತ್ತರ: ಈರುಳ್ಳಿ, ಆಲೂಗೆಡ್ಡೆ, ಇಡೀ ಕುಂಬಳಕಾಯಿ ಗಾಳಿಯಾಡುವ ಕಡೆ ಇದ್ದರೆ ತಿಂಗಳಾದರೂ ಬರುತ್ತವೆ. ಈರುಳ್ಳಿ, ಆಲೂಗೆಡ್ಡೆಗಳನ್ನು ಮಾತ್ರ ಒಂದೇ ಬುಟ್ಟಿಗೆ ಹಾಕಬೇಡಿ, ಎರಡೂ ಬೇಗ ಕೆಡುತ್ತವೆ. ರಟ್ಟಿನ ಪೆಟ್ಟಿಗೆಯನ್ನು ದೋಣಿಯೊಳಗೆ ತರಲೇಬೇಡಿ. ಜಿರಲೆ ಮೊಟ್ಟೆ ಬರುವುದು ಅದರ ಮಡಿಕೆಗಳಲ್ಲಿ. ಮೊಳಕೆಕಾಳಂತೂ ನಡುಗಡಲಲ್ಲೂ ಹಸಿರು ಕೊಡುತ್ತದೆ: ರಾತ್ರಿ ಹೆಸರುಕಾಳು ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆರಡು ಸಲ ಸಿಹಿನೀರು ಚಿಮುಕಿಸಿ. ಉಪ್ಪುನೀರು ತಾಗಿದರೆ ಮೊಳಕೆ ಬರುವುದಿಲ್ಲ.